ಈ ಚಿತ್ರ ನೋಡಿ ಆಟ ಕಲಿಯಬಹುದಾ?

(ಚಿತ್ರಕಲೆಯಲ್ಲಿ ಆಸಕ್ತಿ ಇರುವ ಗೆಳೆಯರ ಬಳಗದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಸ್ಲೈಡ್ ತೋರಿಸುತ್ತಾ ಆಡಿದ ಮಾತಾದ್ದರಿಂದ ಅಲ್ಲಲ್ಲಿ 'ಇಲ್ಲಿ ನೋಡಿ' ಅನ್ನುವುದು ಹಾಗೇ ಉಳಿದಿದೆ. ಚಿತ್ರಗಳ ಹೆಸರು, ಅವು ಇರುವ ಜಾಗ ಹೇಳಿದ್ದೇನೆ. ಫೋನಿನಲ್ಲಿ ಹುಡುಕಿ ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ.

ಆಡುವ ಮಕ್ಕಳ ಚಿತ್ರ ಕಂಡ ಕೂಡಲೇ ನಮ್ಮ ಮುಖದಲ್ಲಿ ನಗು ಬಂದುಬಿಡುತ್ತದೆ. 'ಅಯ್ಯೋ, ಎಷ್ಟು ಮುದ್ದಾಗಿದೆ' ಅನ್ನುತ್ತೇವೆ, ಮುಂದಿನ ಚಿತ್ರಕ್ಕೆ ಹೋಗುತ್ತೇವೆ. ಈ ಮುದ್ದಿನ ಮೇಲೆ ನನಗೆ ಸ್ವಲ್ಪ ತಕರಾರಿದೆ. ಮುದ್ದು ಅನ್ನುವುದು ದೂರ ನಿಂತು ನೋಡುವ ದೊಡ್ಡವರ ಮಾತು. ಆಡುತ್ತಿರುವ ಮಗುವಿಗೆ ಅದರ ಪರಿವೆಯೇ ಇರುವುದಿಲ್ಲ. ಅದಕ್ಕಿರುವ ಚಿಂತೆಗಳೇ ಬೇರೆ: ಈಗ ಯಾರ ಸರದಿ, ಯಾರು ಔಟು, ಯಾರು ಮೋಸ ಮಾಡಿದರು.

ಅದಕ್ಕೇ ಇವತ್ತು ಪ್ರತಿ ಚಿತ್ರದ ಮುಂದೆಯೂ ಒಂದೇ ಪ್ರಶ್ನೆ ಕೇಳೋಣ. ಆಟ ಗೊತ್ತಿಲ್ಲದ ಒಬ್ಬರು ಈ ಚಿತ್ರ ನೋಡಿಯೇ ಆಟ ಕಲಿಯಬಹುದಾ? ಕೈ ಎಲ್ಲಿದೆ, ಭಾರ ಯಾವ ಕಾಲ ಮೇಲಿದೆ, ಕಣ್ಣು ಎತ್ತ ನೋಡುತ್ತಿದೆ ಅನ್ನುವುದು ಸರಿಯಾಗಿ ಬಂದಿದೆಯಾ? ಬಂದಿದ್ದರೆ ಆ ಕಲಾವಿದ ನಿಂತು ನೋಡಿದ್ದಾನೆ ಅಂತ ಅರ್ಥ. ಬಂದಿಲ್ಲ ಅಂದರೆ ಮಗುವನ್ನು ಬೇರೆ ಯಾವುದೋ ಕೆಲಸಕ್ಕೆ ಬಳಸಿಕೊಂಡಿದ್ದಾನೆ ಅಂತ ಅನುಮಾನ ಪಡಬಹುದು. ಹಾಗೆ ಬಳಸಿಕೊಂಡವರೇ ಜಾಸ್ತಿ. ಉಪದೇಶಕ್ಕೆ, ಹರಕೆಗೆ, ಕೊನೆಗೆ ಸೋಪು ಮಾರುವುದಕ್ಕೂ ಮಕ್ಕಳ ಆಟ ಒದಗಿ ಬಂದಿದೆ. ಆದರೂ ಒಳ್ಳೆಯ ಕಲಾವಿದರ ಕೈ ಆ ಉದ್ದೇಶವನ್ನು ಮೀರಿ ಆಟದ ಹಿಂದೆಯೇ ಹೋಗಿಬಿಡುತ್ತದೆ. ಅದೇ ಇವತ್ತಿನ ತಮಾಷೆ.

ಕಾಲಾನುಕ್ರಮ ಬಿಟ್ಟು ನಡುವಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಈ ವಿಷಯದ ದೊಡ್ಡ ಚಿತ್ರ ಅಲ್ಲಿದೆ. ಈಗಿನ ಬೆಲ್ಜಿಯಂ ಇರುವ ನಾಡಿನ ಚಿತ್ರಕಾರ ಪೀಟರ್ ಬ್ರೂಗಲ್, 1560, 'ಮಕ್ಕಳ ಆಟಗಳು'. ಈಗ ವಿಯೆನ್ನಾದ ಕುನ್‌ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂನಲ್ಲಿದೆ. ಮರದ ಹಲಗೆಯ ಮೇಲೆ ಎಣ್ಣೆಬಣ್ಣ. ಅಗಲ ಸುಮಾರು 161 ಸೆಂಟಿಮೀಟರ್, ಎತ್ತರ 118. ಇಷ್ಟು ಜಾಗದಲ್ಲಿ 200ಕ್ಕೂ ಹೆಚ್ಚು ಮಕ್ಕಳಿದ್ದಾರೆ. ಆಟಗಳು ಎಷ್ಟು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಾರೆ. ಆದರೆ 80ರ ಆಸುಪಾಸಿನಿಂದ ಕೆಳಗೆ ಯಾರೂ ಇಳಿಯುವುದಿಲ್ಲ.

ಮೊದಲು ದೂರದಿಂದ ನೋಡಿ. ಒಂದು ಊರ ಚೌಕ, ಬಲಕ್ಕೆ ಕೊನೆ ಕಾಣದಷ್ಟು ಉದ್ದದ ಬೀದಿ, ಎಡಕ್ಕೆ ಹೊಳೆ, ಮರಗಳು. ಊರಿಗೆ ಊರನ್ನೇ ಮಕ್ಕಳು ಹಿಡಿದುಕೊಂಡಿದ್ದಾರೆ. ಈಗ ಹತ್ತಿರ ಬನ್ನಿ. ಎಡಗಡೆ ಕೆಳಮೂಲೆಯಲ್ಲಿ ಇಬ್ಬರು ನೆಲಕ್ಕೆ ಕೂತು ಆಡುತ್ತಿದ್ದಾರಲ್ಲ, ಅದು ಕುರಿಯ ಕಾಲ್ಗಿಣ್ಣಿನ ಪುಟ್ಟ ಮೂಳೆಗಳ ಆಟ. ನಮ್ಮ ಐದು ಕಲ್ಲಿನಾಟ, ಗಜ್ಜುಗದಾಟದ ಹತ್ತಿರದ ನೆಂಟ. ಒಂದನ್ನು ಮೇಲಕ್ಕೆ ಹಾರಿಸಿ, ಅದು ಕೆಳಗೆ ಬರುವಷ್ಟರಲ್ಲಿ ಉಳಿದದ್ದನ್ನು ಬಾಚಿಕೊಳ್ಳಬೇಕು. ಚಿತ್ರದ ಮುಂಭಾಗದಲ್ಲೇ ಪೀಪಾಯಿಯ ಬಳೆ ಓಡಿಸುವ ಇಬ್ಬರಿದ್ದಾರೆ. ನಮ್ಮಲ್ಲಿ ಸೈಕಲ್ ಟೈರಿಗೆ ಕೋಲು ಕೊಟ್ಟು ಓಡಿಸುತ್ತಿರಲಿಲ್ಲವೇ, ಥೇಟ್ ಹಾಗೆ. ಇನ್ನೊಂದು ಕಡೆ ಒಬ್ಬ ಖಾಲಿ ಪೀಪಾಯಿಯ ತೂತಿಗೆ ಬಾಯಿಟ್ಟು ಕೂಗುತ್ತಿದ್ದಾನೆ. ಒಳಗೆ ಹೋದ ದನಿ ಹೇಗೆ ಮೊಳಗುತ್ತದೆ ಅಂತ ಕೇಳುವುದೇ ಅವನ ಆಟ. ಇದಕ್ಕೆ ನಿಯಮ ಇಲ್ಲ, ಗೆಲುವು ಸೋಲು ಇಲ್ಲ. ಇದನ್ನೂ ಆಟ ಅಂತ ಲೆಕ್ಕಕ್ಕೆ ತಗೊಂಡಿದ್ದಾನಲ್ಲ ಬ್ರೂಗಲ್, ಅದಕ್ಕೇ ಅವನ ಮೇಲೆ ನನಗೆ ಅಷ್ಟು ಪ್ರೀತಿ.

ಕಣ್ಣು ಹಾಯಿಸುತ್ತಾ ಹೋಗಿ. ಮರಗಾಲಿನ ಮೇಲೆ ನಡೆಯುವವರು. ಕೋಲುಕುದುರೆ. ಬುಗುರಿ. ಲಾಗ ಹಾಕುವವರು. ಬಗ್ಗಿ ನಿಂತವರ ಬೆನ್ನ ಮೇಲಿಂದ ಒಬ್ಬರಾದ ಮೇಲೆ ಒಬ್ಬರು ಹಾರುವವರು. ಹಂದಿಯ ಮೂತ್ರಕೋಶ ಊದಿ ಬಲೂನು ಮಾಡಿಕೊಂಡವನು. ನೀಲಿ ಬಟ್ಟೆ ಮುಖದ ಮೇಲೆ ಎಳೆದುಕೊಂಡು ಕಣ್ಣಾಮುಚ್ಚಾಲೆ ಆಡುವವಳು. ಸುಳ್ಳು ಮದುವೆ, ಸುಳ್ಳು ನಾಮಕರಣ. ಒಬ್ಬಳು ಕೋಲು ಹಿಡಿದು ಸಗಣಿ ಕೆದಕುತ್ತಿದ್ದಾಳೆ. ಅದೂ ಆಟವೇ, ಮಕ್ಕಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಹಾಗಂತ ಎಲ್ಲವೂ ನಗುವ ಆಟವಲ್ಲ. ಒಬ್ಬನನ್ನು ಕೈಕಾಲು ಹಿಡಿದೆತ್ತಿ ಮರದ ದಿಮ್ಮಿಗೆ ಕುಕ್ಕುತ್ತಿದ್ದಾರೆ. ಒಬ್ಬನ ಕೂದಲು ಹಿಡಿದು ಎಲ್ಲರೂ ಎಳೆಯುತ್ತಿದ್ದಾರೆ. ಹಾಸ್ಟೆಲಿನಲ್ಲಿ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತು.

ಇಷ್ಟೆಲ್ಲದರ ನಡುವೆ ದೊಡ್ಡವರು ಅಂತ ಎದ್ದು ಕಾಣುವುದು ಒಬ್ಬಳೇ ಹೆಂಗಸು. ಬಿದ್ದು ಹೊರಳಾಡುತ್ತಾ ಜಗಳ ಆಡುವ ಇಬ್ಬರ ಮೇಲೆ ನೀರು ಎರಚುತ್ತಿದ್ದಾಳೆ. ಪಾಪ, ಇಡೀ ಊರಿಗೆ ಅವಳೊಬ್ಬಳೇ ಪೊಲೀಸು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಲಗಡೆ ಕೆಳಮೂಲೆ. ಒಬ್ಬಳು ಹುಡುಗಿ ಅಂಗಡಿ ಆಟ ಆಡುತ್ತಾ ಇಟ್ಟಿಗೆ ಕೆರೆದು ಕೆಂಪು ಪುಡಿ ಮಾಡುತ್ತಿದ್ದಾಳೆ. ಕೆರೆದು, ಗುಡ್ಡೆ ಹಾಕಿ, ತೂಗಿ ಮಾರುವ ಆಟ. ಇಟ್ಟಿಗೆ ಪುಡಿ ಅಂದರೆ ಕೆಂಪು ಬಣ್ಣ, ಚಿತ್ರಕಾರನ ಕಸುಬಿನ ಸಾಮಾನು. ಬ್ರೂಗಲ್ ತನ್ನ ಸಹಿ ಮತ್ತು ಇಸವಿ ಬರೆದಿರುವುದು ಎಲ್ಲಿ ಗೊತ್ತಾ? ಅವಳ ಅಂಗಡಿಯ ಮರದ ದಿಮ್ಮಿಯ ಮೇಲೆ. 200 ಮಕ್ಕಳಲ್ಲಿ ಇವಳ ಪಕ್ಕಕ್ಕೇ ಬಂದು ಕೂತಿದ್ದಾನೆ. ಇದು ಆಕಸ್ಮಿಕ ಅಂತ ನಾನು ನಂಬುವುದಿಲ್ಲ.

ಈ ಚಿತ್ರಕ್ಕೆ ಅರ್ಥ ಏನು ಅನ್ನುವ ಜಗಳ ಇನ್ನೂ ಮುಗಿದಿಲ್ಲ. 1530ರಲ್ಲಿ ಆಂಟ್‌ವರ್ಪ್‌ನಲ್ಲಿ ಅಚ್ಚಾದ ಒಂದು ಪದ್ಯ ಇದೆ. ಮನುಷ್ಯರೆಲ್ಲ ಮೂರ್ಖ ಆಟಗಳಲ್ಲಿ ಮುಳುಗಿದ ಮಕ್ಕಳ ಹಾಗೆ ಅನ್ನುತ್ತದೆ ಅದು. ಅದನ್ನು ಹಿಡಿದುಕೊಂಡು, ಬ್ರೂಗಲ್ ಹೇಳುತ್ತಿರುವುದೂ ಅದನ್ನೇ, ಇದು ದೊಡ್ಡವರ ಹುಚ್ಚಾಟದ ವಿಡಂಬನೆ ಅಂತ ಕೆಲವರು ವಾದಿಸುತ್ತಾರೆ. ಮಕ್ಕಳ ಮುಖವೂ ಅದಕ್ಕೆ ಸಾಕ್ಷಿ ಅನ್ನುತ್ತಾರೆ. ನೋಡಿ, ದುಂಡು ಮುಖ, ನಗು ಇಲ್ಲ, ಎಲ್ಲರೂ ಕುಳ್ಳಗಿನ ದೊಡ್ಡವರ ಹಾಗೆ ಕಾಣುತ್ತಾರೆ. ಇರಬಹುದು. ಆದರೆ ಬರೀ ಉಪದೇಶ ಹೇಳೋಕೆ ನಾಲ್ಕು ಆಟ ಸಾಕಿತ್ತಲ್ವಾ? ಎಂಬತ್ತು ಯಾಕೆ ಬೇಕಿತ್ತು? ಬಳೆ ಓಡಿಸುವಾಗ ಕೋಲು ಎಲ್ಲಿ ತಾಗಬೇಕು, ಹಾರುವವನು ಕೈಯನ್ನು ಬೆನ್ನಿನ ಯಾವ ಭಾಗಕ್ಕೆ ಊರಬೇಕು ಅನ್ನುವಷ್ಟು ಸೂಕ್ಷ್ಮ ಯಾಕೆ ಬೇಕಿತ್ತು? ಮುಖದಲ್ಲಿ ನಗು ಇಲ್ಲದಿರುವುದಕ್ಕೂ ನನ್ನ ಬಳಿ ಬೇರೆ ವಿವರಣೆ ಇದೆ. ಗಂಭೀರವಾಗಿ ಆಡುವ ಮಗು ನಗುವುದಿಲ್ಲ. ನಗುವುದು ಗೆದ್ದ ಮೇಲೆ.

ಈಗ ಹಿಂದಕ್ಕೆ ಒಂದು ಸುತ್ತು ಹೋಗಿ ಬರೋಣ, ಬೇಗ ಬೇಗ.

ಈಜಿಪ್ಟಿನ ಸಕ್ಕಾರಾದಲ್ಲಿ ಮೆರೆರುಕಾ ಅನ್ನುವ ದೊಡ್ಡ ಅಧಿಕಾರಿಯ ಗೋರಿ ಇದೆ. ಸುಮಾರು ಕ್ರಿ.ಪೂ. 2300ರದ್ದು. ಗೋಡೆಯ ಉಬ್ಬುಶಿಲ್ಪದಲ್ಲಿ ಹುಡುಗರ ಆಟ, ಹುಡುಗಿಯರ ಆಟ ಬೇರೆ ಬೇರೆ ಇವೆ. ಒಂದರಲ್ಲಿ ನಡುವೆ ನಿಂತವರ ಕೈ ಹಿಡಿದುಕೊಂಡು ಉಳಿದವರು ಹಿಮ್ಮಡಿ ಊರಿ, ಮೈಯನ್ನು ಹಿಂದಕ್ಕೆ ಚೆಲ್ಲಿ ಗಿರಗಿರ ಸುತ್ತುತ್ತಾರೆ. ಉತ್ತರ ಕರ್ನಾಟಕದವರು ನೋಡಿದರೆ 'ಇದು ಫುಗಡಿ ಅಲ್ಲೇನ್ರಿ' ಅಂದಾರು. ಗೋರಿಯಲ್ಲಿ ಆಟ ಯಾಕೆ ಅಂದರೆ, ಸತ್ತವನಿಗೆ ಆ ಲೋಕದಲ್ಲೂ ಈ ಲೋಕದ ಸಡಗರ ಸಿಗಲಿ ಅಂತ. ಮಕ್ಕಳು ಅವನ ಆಸ್ತಿಯ ಪಟ್ಟಿಯಲ್ಲಿ ಒಂದು ಸಾಲು. ಆದರೂ ಹಿಂದಕ್ಕೆ ಚೆಲ್ಲಿದ ಆ ಮೈಗಳು ನನ್ನ ಪರೀಕ್ಷೆಯಲ್ಲಿ ಆರಾಮಾಗಿ ಪಾಸು.

ಗ್ರೀಕರಲ್ಲಿ ಆಟದ ಚಿತ್ರ ಹೂಜಿಗಳ ಮೇಲೆ ಸಿಗುತ್ತದೆ. ಅಥೆನ್ಸ್‌ನಲ್ಲಿ ಆಂತೆಸ್ತೇರಿಯಾ ಅನ್ನುವ ವಸಂತದ ಹಬ್ಬ. ಅದಕ್ಕೆ ಹೊಂದಿಕೊಂಡ ಪುಟ್ಟ ಪುಟ್ಟ ಹೂಜಿಗಳ ಮೇಲೆ ಅಂಬೆಗಾಲಿಡುವ ಮಕ್ಕಳು, ಕೋಲಿಗೆ ಸಿಕ್ಕಿಸಿದ ಆಟದ ಗಾಡಿ ತಳ್ಳುವ ಮಕ್ಕಳು ಇದ್ದಾರೆ. ಮೈಮೇಲೆ ಬಟ್ಟೆ ಇಲ್ಲ, ಎದೆಯ ಮೇಲೆ ಅಡ್ಡಲಾಗಿ ತಾಯತಗಳ ದಾರ. ಇಂಥ ಕೆಲವು ಹೂಜಿಗಳು ಮಕ್ಕಳ ಸಮಾಧಿಯಲ್ಲೇ ಸಿಕ್ಕಿವೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿರುವ ಒಂದು ಪಾತ್ರೆಯ ಮೇಲೆ ಗ್ಯಾನಿಮೀಡ್ ಅನ್ನುವ ಪುರಾಣದ ಚೆಲುವ ಹುಡುಗ ಬಳೆ ಓಡಿಸುತ್ತಿದ್ದಾನೆ, ಕೈಯಲ್ಲಿ ಹುಂಜ. ಹುಂಜ ಅವನನ್ನು ಬಯಸಿದ ಜ್ಯೂಸ್ ದೇವರ ಉಡುಗೊರೆ. ಅಲ್ಲಿ ಆಟದ ಬಳೆ ಹೇಳುವುದು ಇಷ್ಟೇ: ಇವನಿನ್ನೂ ಹುಡುಗ. ಆ ಚಿತ್ರ ಚೆಂದ ಇದೆ, ಒಪ್ಪುತ್ತೇನೆ, ಆದರೆ ನೋಡುತ್ತಾ ನಿಂತರೆ ಸಮಾಧಾನ ಆಗುವುದಿಲ್ಲ.

ಚೀನಾಕ್ಕೆ ಬನ್ನಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

12ನೇ ಶತಮಾನ, ಸಾಂಗ್ ರಾಜಮನೆತನದ ಕಾಲ. ಸು ಹಾನ್‌ಚೆನ್ ಅನ್ನುವ ಆಸ್ಥಾನ ಚಿತ್ರಕಾರ. 'ಶರತ್ಕಾಲದ ತೋಟದಲ್ಲಿ ಆಡುವ ಮಕ್ಕಳು' ಅನ್ನುವ ಚಿತ್ರ ಅವನದು ಅನ್ನುತ್ತಾರೆ. ತೈಪೆಯ ಅರಮನೆ ಮ್ಯೂಸಿಯಂನಲ್ಲಿದೆ, ಸುಮಾರು ಎರಡು ಮೀಟರ್ ಎತ್ತರದ ರೇಷ್ಮೆ ಬಟ್ಟೆಯ ಮೇಲೆ. ಹಿಂದೆ ಕಂಬದಂಥ ಕಲ್ಲು, ಹೂವಿನ ಗಿಡ. ಮುಂದೆ ಅಕ್ಕ, ತಮ್ಮ. ಇಬ್ಬರೂ ಮೆರುಗೆಣ್ಣೆಯ ಒಂದು ಪೀಠದ ಮೇಲೆ ಬಗ್ಗಿದ್ದಾರೆ.

ಏನು ಆಡುತ್ತಿದ್ದಾರೆ? ಬೋರೆಹಣ್ಣಿನ ಜಾತಿಯ ಮೂರು ಹಣ್ಣು ಬೇಕು. ಒಂದರ ಮೇಲರ್ಧ ಕತ್ತರಿಸಿ ಬೀಜದ ತುದಿ ಹೊರಗೆ ಕಾಣುವ ಹಾಗೆ ಮಾಡಬೇಕು. ಉಳಿದ ಎರಡನ್ನು ತೆಳ್ಳನೆ ಬಿದಿರು ಸೀಳಿನ ಎರಡು ತುದಿಗೆ ಚುಚ್ಚಬೇಕು. ಆ ಸೀಳನ್ನು ಬೀಜದ ತುದಿಯ ಮೇಲೆ ತಕ್ಕಡಿಯ ದಂಡಿಯ ಹಾಗೆ ನಿಲ್ಲಿಸಿ, ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಗಿರ್ರನೆ ತಿರುಗುತ್ತದೆ. ಜೋರಾಗಿ ತಳ್ಳಿದರೆ ಬಿತ್ತು. ಕೇಳಿದಿರಲ್ಲ, ನಿಮಗೀಗ ಆಟ ಬಂತು. ಮನೆಗೆ ಹೋಗಿ ಎಲಚಿಹಣ್ಣು ತಂದು ಮಾಡಬಹುದು. ಇನ್ನೊಂದು ಪೀಠದ ಮೇಲೆ ಬೇರೆ ಆಟಿಕೆಗಳು ಬಿದ್ದಿವೆ, ಯಾರಿಗೂ ಬೇಡವಾಗಿ. ಅಂಗಡಿಯಿಂದ ತಂದ ಸಾಮಾನು ಬಿಟ್ಟು ಮೂರು ಹಣ್ಣಿನ ಹಿಂದೆ ಬೀಳುವುದು ಅಂದರೆ ಮಕ್ಕಳ ಬುದ್ಧಿಯೇ ಅದು.

ಚೀನಾದಲ್ಲಿ ಇಂಥ ಚಿತ್ರಗಳದ್ದೇ ಒಂದು ಪರಂಪರೆ. ಮುಂದೆ ಅದು 'ನೂರು ಮಕ್ಕಳು' ಅನ್ನುವ ಮಾದರಿಯಾಗಿ ಪಿಂಗಾಣಿ, ರೇಷ್ಮೆ, ಹಾಸಿಗೆಯ ಹೊದಿಕೆಗಳ ಮೇಲೆಲ್ಲಾ ಬಂತು. ಮನೆ ತುಂಬ ಗಂಡುಮಕ್ಕಳಾಗಲಿ ಅನ್ನುವ ಹಾರೈಕೆ ಅದು. ಮದುವೆಗೆ ಕೊಡುವ ವಸ್ತು. ಆ ನೂರು ಮಕ್ಕಳಲ್ಲಿ ಒಬ್ಬನ ಮುಖವೂ ನೆನಪಲ್ಲಿ ಉಳಿಯುವುದಿಲ್ಲ, ಎಲ್ಲರೂ ಗುಂಡುಗುಂಡಾಗಿ, ಖುಷಿಯಾಗಿ ಇರುತ್ತಾರೆ. ಸು ಹಾನ್‌ಚೆನ್‌ನ ಈ ಅಕ್ಕ ಮಾತ್ರ ಹಾಗಲ್ಲ. ತಮ್ಮ ಎಲ್ಲಿ ಬೀಳಿಸಿಬಿಡುತ್ತಾನೋ ಅಂತ ಅವಳ ಕಣ್ಣೆಲ್ಲ ಆ ಬಿದಿರು ಸೀಳಿನ ಮೇಲೇ ಇದೆ.

ನಮ್ಮ ಕಡೆ ಏನಿದೆ ಅಂತ ನೀವು ಆಗಲೇ ಕೇಳಬೇಕು ಅಂದುಕೊಂಡಿದ್ದೀರಿ, ಗೊತ್ತು. ನಮ್ಮಲ್ಲಿ ಆಡುವ ಮಗು ಅಂದರೆ ಕೃಷ್ಣ. ಉಡುಪಿಯ ಮೂರ್ತಿಯೇ ನೋಡಿ, ಒಂದು ಕೈಯಲ್ಲಿ ಕಡಗೋಲು, ಇನ್ನೊಂದರಲ್ಲಿ ಹಗ್ಗ. ಅಡುಗೆಮನೆಯ ಸಾಮಾನನ್ನೇ ಆಟಿಕೆ ಮಾಡಿಕೊಂಡ ಹುಡುಗ. ಇಡೀ ನಾಡು ಕೈ ಮುಗಿಯುವ ದೇವರು ಹೀಗೆ ಆಟದ ನಡುವೆಯೇ ನಿಂತಿದ್ದಾನೆ.

ಆದರೆ ಶಿಲ್ಪದಲ್ಲಿ ಕೃಷ್ಣನ ಬಾಲ್ಯ ಹುಡುಕಿಕೊಂಡು ಹೋದರೆ ನನಗೆ ಸ್ವಲ್ಪ ನಿರಾಸೆ. ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದ ಅಮೃತೇಶ್ವರ ದೇವಸ್ಥಾನ, 1196ರದ್ದು. ಅಲ್ಲಿಯ ಹೊರಗೋಡೆಯಲ್ಲಿ ಕೃಷ್ಣನ ಬಾಲಲೀಲೆಯ ಸಾಲು ಫಲಕಗಳಿವೆ. ಕೆತ್ತನೆ ಸೊಗಸಾಗಿದೆ. ಆದರೆ ಸಾಮಾನ್ಯವಾಗಿ ನಮ್ಮ ಇಂಥ ಫಲಕಗಳಲ್ಲೆಲ್ಲ ಆಟಕ್ಕಿಂತ ಪರಾಕ್ರಮ ಜಾಸ್ತಿ. ಪೂತನಿಯ ಪ್ರಾಣ ಹೀರುವುದು, ಒರಳು ಎಳೆದು ಮರ ಉರುಳಿಸುವುದು, ಬೆಟ್ಟ ಎತ್ತುವುದು. ಪಾಪದ ಹುಡುಗನಿಗೆ ಬಿಡುವೇ ಇಲ್ಲ.

ಆಟ ಇರುವುದು ಕಥೆಯಲ್ಲಿ. ಭಾಗವತದ ಹತ್ತನೇ ಸ್ಕಂಧ, ಹದಿನೆಂಟನೇ ಅಧ್ಯಾಯ. ಬೇಸಗೆಯ ಒಂದು ದಿನ ಕೃಷ್ಣ, ಬಲರಾಮ, ಗೊಲ್ಲರ ಹುಡುಗರು ಕಾಡಿನಲ್ಲಿ ಏನೇನು ಆಡಿದರು ಅಂತ ಅಲ್ಲಿ ಒಂದು ಪಟ್ಟಿಯೇ ಇದೆ. ಬಿಲ್ವದ ಕಾಯಿ ಎಸೆದಾಟ. ಮುಷ್ಟಿ ತುಂಬ ನೆಲ್ಲಿಕಾಯಿ ಹಿಡಿದು ಆಟ. ಮುಟ್ಟಿಸಿಕೊಳ್ಳದ ಆಟ. ಕಣ್ಣು ಕಟ್ಟುವ ಆಟ. ಪ್ರಾಣಿ, ಪಕ್ಷಿಗಳ ಅಣಕ. ಕಪ್ಪೆಯ ಹಾಗೆ ಕುಪ್ಪಳಿಸುವುದು. ಉಯ್ಯಾಲೆ. ರಾಜನ ವೇಷ. ಓದುತ್ತಾ ಹೋದರೆ ಬ್ರೂಗಲ್‌ನ ಚೌಕದಲ್ಲೇ ನಿಂತ ಹಾಗಾಗುತ್ತದೆ. ಆಮೇಲೆ ಎರಡು ಗುಂಪು ಮಾಡಿಕೊಂಡು ಪಂದ್ಯ. ಸೋತವರು ಗೆದ್ದವರನ್ನು ಉಪ್ಪುಮೂಟೆ ಹೊರಬೇಕು. ಕೃಷ್ಣನ ಗುಂಪು ಸೋಲುತ್ತದೆ! ಸಾಕ್ಷಾತ್ ಭಗವಂತ ಶ್ರೀದಾಮ ಅನ್ನುವ ಗೊಲ್ಲರ ಹುಡುಗನನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಾನೆ. ಹುಡುಗನ ವೇಷದಲ್ಲಿ ಬಂದಿದ್ದ ಪ್ರಲಂಬ ಅನ್ನುವ ರಾಕ್ಷಸ ಬಲರಾಮನನ್ನು ಹೊತ್ತುಕೊಂಡು ಇಳಿಸಬೇಕಾದ ಗೆರೆ ದಾಟಿ ಓಡಿಬಿಡುತ್ತಾನೆ. ಆಟದಲ್ಲಿ ಮೋಸ ಮಾಡುವವನು ರಾಕ್ಷಸ ಅಂತ ನಾಲ್ಕನೇ ಕ್ಲಾಸಿನ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ.

ಭಾಗವತದ ಚಿತ್ರಿತ ಹಸ್ತಪ್ರತಿಗಳಲ್ಲಿ ಈ ಪ್ರಸಂಗ ಬರೆದವರು ತುಂಬ ಜನ. ಹಿಮಾಲಯದ ತಪ್ಪಲಿನ ಪಹಾಡಿ ಚಿತ್ರಕಾರರಂತೂ ಕೃಷ್ಣನನ್ನು ಕಣ್ಣಾಮುಚ್ಚಾಲೆಗೂ ಇಳಿಸಿದ್ದಾರೆ. ಭಕ್ತಿ ಇದ್ದೇ ಇದೆ, ಆದರೆ ಆಟದ ನಿಯಮ ಮುರಿದಿಲ್ಲ. ದೇವರಿಗೆ ವಿನಾಯಿತಿ ಇಲ್ಲ ಅನ್ನುವುದೇ ಅಲ್ಲಿಯ ಸ್ವಾರಸ್ಯ.

ಈಗ ಸೋಪಿನ ಗುಳ್ಳೆಗೆ ಬರೋಣ. ಈ ಒಂದು ಆಟದ ಪಾಡು ನೋಡಿದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಮನುಷ್ಯನ ಬಾಳು ನೀರ ಮೇಲಣ ಗುಳ್ಳೆ ಅನ್ನುವ ಮಾತು ನಮ್ಮ ದಾಸರಿಗೆ ಮಾತ್ರವಲ್ಲ, ಯುರೋಪಿನವರಿಗೂ ಹಳೆಯದು. 1594ರಲ್ಲಿ ಡಚ್ ಕಲಾವಿದ ಗೋಲ್ಟ್ಸಿಯಸ್ ಒಂದು ಮುದ್ರಣಚಿತ್ರ ಮಾಡಿದ. ಬತ್ತಲೆ ಮಗು, ಗುಳ್ಳೆ ಊದುತ್ತಿದೆ, ಒರಗಿರುವುದು ತಲೆಬುರುಡೆಗೆ. ಯಾರು ತಾನೇ ತಪ್ಪಿಸಿಕೊಂಡಾರು ಅನ್ನುವುದು ಅದರ ಶೀರ್ಷಿಕೆ. ಅಲ್ಲಿಂದ ಮುಂದೆ ಮಕ್ಕಳು ಗುಳ್ಳೆ ಊದಿದಾಗಲೆಲ್ಲ ಸಾವು ಹಿಂದೆಯೇ ಬಂದು ನಿಂತಿತು. ಮಗುವಿಗೆ ಇದೆಲ್ಲ ಗೊತ್ತೇ ಇಲ್ಲ, ಅದು ಸುಮ್ನೆ ಊದುತ್ತಿದೆ.

1730ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಡಿನ್ ಅದೇ ವಿಷಯ ಎತ್ತಿಕೊಂಡ. ಒಬ್ಬ ದೊಡ್ಡ ಹುಡುಗ ಕಿಟಕಿಯಿಂದ ಹೊರಗೆ ಬಗ್ಗಿದ್ದಾನೆ. ಕಿಟಕಿಯ ಕಟ್ಟೆಯ ಮೇಲೆ ಲೋಟದಲ್ಲಿ ಸೋಪಿನ ನೀರು. ಪಕ್ಕದಲ್ಲಿ ಒಂದು ಪುಟ್ಟ ಮಗು, ಕಟ್ಟೆಯ ಮೇಲೆ ಮುಖ ಮಾತ್ರ ಕಾಣುತ್ತದೆ, ಬೆರಗಾಗಿ ನೋಡುತ್ತಿದೆ. ತಲೆಬುರುಡೆ ಇಲ್ಲ. ಹುಡುಗನ ಒಂದು ಮೊಣಕೈ ಕಟ್ಟೆಗೆ ಊರಿದೆ, ಕೈ ಅಲ್ಲಾಡದಿರಲಿ ಅಂತ. ಉಸಿರು ಬಿಗಿ ಹಿಡಿದಿದ್ದಾನೆ. ಗುಳ್ಳೆ ಪೂರ್ತಿ ದುಂಡಗಿಲ್ಲ, ಕೊಳವೆಯ ತುದಿಯಿಂದ ತನ್ನ ಭಾರಕ್ಕೆ ತಾನೇ ಜೋತುಬಿದ್ದಿದೆ. ಇನ್ನೊಂಚೂರು ಊದಿದರೆ ಒಡೆಯುತ್ತದೆ, ಬಿಟ್ಟರೆ ಹಾರುತ್ತದೆ. ಗುಳ್ಳೆ ಊದಿದವರಿಗೆಲ್ಲ ಆ ಗಳಿಗೆ ಗೊತ್ತು. ಹುಡುಗನ ಕೋಟು ಭುಜದ ಹತ್ತಿರ ಹರಿದಿದೆ, ಅವನಿಗೆ ಅದರ ಕಡೆ ಗಮನವೇ ಇಲ್ಲ. ಇದರ ಪ್ರತಿಗಳು ನ್ಯೂಯಾರ್ಕ್, ವಾಷಿಂಗ್ಟನ್, ಲಾಸ್ ಏಂಜಲೀಸ್ ಮ್ಯೂಸಿಯಂಗಳಲ್ಲಿವೆ.

ಶಾರ್ಡಿನ್‌ನ 'ಬುಗುರಿ ಆಡಿಸುವ ಹುಡುಗ' ಕೂಡ ಇದೇ ಜಾತಿಯದು, ಲೂವ್ರ್‌ನಲ್ಲಿದೆ. ದಾರ ಸುತ್ತಿ ಬೀಸುವ ನಮ್ಮ ಬುಗುರಿ ಅಲ್ಲ, ಬೆರಳಲ್ಲಿ ತಿರುಗಿಸಿ ಬಿಡುವ ಪುಟ್ಟದು. ಹುಡುಗ ಒಬ್ಬ ಒಡವೆ ವ್ಯಾಪಾರಿಯ ಮಗ, ಅಚ್ಚುಕಟ್ಟಾಗಿ ತಲೆ ಬಾಚಿದೆ. ಮೇಜಿನ ಮೇಲೆ ಪುಸ್ತಕ, ಲೆಕ್ಕಣಿಕೆ, ಮಸಿ ಎಲ್ಲ ಪಕ್ಕಕ್ಕೆ ಸರಿದಿವೆ. ಬುಗುರಿ ಓರೆಯಾಗಿ ತಿರುಗುತ್ತಿದೆ, ಇನ್ನೇನು ಬೀಳಬೇಕು. ಹೋಂವರ್ಕ್ ಬಿಟ್ಟು ಕೂತವನ ಮುಖ ಯಾವ ಕಾಲದಲ್ಲೂ ಒಂದೇ. ಆದರೆ ಶಾರ್ಡಿನ್‌ನ ಇಂಥ ಚಿತ್ರಗಳನ್ನು ಅಚ್ಚಿಗೆ ಕೆತ್ತಿ ಮಾರಿದವರು ಸುಮ್ಮನಿರಲಿಲ್ಲ. ಕೆಳಗೆ ನಾಲ್ಕು ಸಾಲು ನೀತಿಪದ್ಯ ಸೇರಿಸಿದರು. ಚಿತ್ರಕಾರ ತೆಗೆದುಹಾಕಿದ ಉಪದೇಶವನ್ನು ಅಂಗಡಿಯವನು ಮತ್ತೆ ಅಂಟಿಸಿದ.

ಇನ್ನು ಗುಳ್ಳೆಯ ಕೊನೆಯ ಅಧ್ಯಾಯ ಇಂಗ್ಲೆಂಡಿನದು. 1886ರ ಸುಮಾರಿಗೆ ಜಾನ್ ಎವರೆಟ್ ಮಿಲೆ ತನ್ನ ಮೊಮ್ಮಗನನ್ನು ಕೂರಿಸಿಕೊಂಡು ಬರೆದ. ಹಸಿರು ಮಖಮಲ್ಲಿನ ಬಟ್ಟೆ, ನಿರಿಗೆ ಕಾಲರು, ಬಂಗಾರದ ಗುಂಗುರು ಕೂದಲು. ಕೈಯಲ್ಲಿ ಕೊಳವೆ, ಬಟ್ಟಲು. ಕಣ್ಣು ಮೇಲೆ ತೇಲುವ ಗುಳ್ಳೆಯ ಕಡೆ. ಈ ಚಿತ್ರ ಪಿಯರ್ಸ್ ಸೋಪಿನ ಕಂಪನಿಯ ಕೈ ಸೇರಿತು. ಅವರು ಕೆಳಗೆ ಒಂದು ಸೋಪು ಬರೆಸಿ ಜಾಹೀರಾತು ಮಾಡಿದರು. ನಮ್ಮ ಬಚ್ಚಲುಮನೆಗಳಲ್ಲೂ ಇದ್ದ ಅದೇ ಪಿಯರ್ಸ್. ಮೊಮ್ಮಗ ಮುಂದೆ ಬ್ರಿಟಿಷ್ ನೌಕಾಪಡೆಯಲ್ಲಿ ಅಡ್ಮಿರಲ್ ಆದ, ಆದರೆ 'ಬಬಲ್ಸ್' ಅನ್ನುವ ಅಡ್ಡಹೆಸರು ಅವನನ್ನು ಬಿಡಲಿಲ್ಲ.

ನನ್ನ ಪರೀಕ್ಷೆಯಲ್ಲಿ ಮಿಲೆ ಫೇಲು. ಈ ಹುಡುಗ ಈಗ ಗುಳ್ಳೆ ಊದಿದ್ದಾನೆ ಅಂತ ಯಾರೂ ನಂಬುವುದಿಲ್ಲ. ಬಟ್ಟೆ ಒಂದಿಷ್ಟೂ ಒದ್ದೆ ಆಗಿಲ್ಲ! ಗುಳ್ಳೆ ಬರೆಯುವುದಕ್ಕೆ ಮಿಲೆ ಒಂದು ಗಾಜಿನ ಗೋಳ ಮಾಡಿಸಿಕೊಂಡಿದ್ದನಂತೆ. ಶಾರ್ಡಿನ್‌ನದು ಜೋತುಬಿದ್ದ ಗುಳ್ಳೆ, ಇವನದು ಗಾಜಿನದು.

ಬಡ ಮಕ್ಕಳು ಎಲ್ಲಿ ಅಂದರೆ, ಸ್ಪೇನಿನ ಮುರಿಲ್ಯೊ ಇದ್ದಾನೆ. 1675ರ ಸುಮಾರಿನ 'ದಾಳ ಆಡುವ ಹುಡುಗರು', ಮ್ಯೂನಿಕ್‌ನಲ್ಲಿದೆ. ಸೆವಿಲ್‌ನ ಬೀದಿ ಹುಡುಗರು, ಹರಕು ಬಟ್ಟೆ. ಇಬ್ಬರು ಬಗ್ಗಿ ಆಡುತ್ತಿದ್ದಾರೆ. ಮೂರನೆಯವನು ಚಿಕ್ಕವನು, ನಿಂತು ಬ್ರೆಡ್ಡು ಅಗಿಯುತ್ತಾ ಎಲ್ಲೋ ನೋಡುತ್ತಿದ್ದಾನೆ. ಅವನ ಕಾಲಬಳಿ ನಾಯಿ, ಅದರ ಕಣ್ಣು ಬ್ರೆಡ್ಡಿನ ಮೇಲೆ. ಕೊಂಡುಕೊಂಡ ಶ್ರೀಮಂತರಿಗೆ ಬಡತನ ಹೀಗೆ ಚೆಂದವಾಗಿ ಕಂಡರೆ ಸಾಕಿತ್ತು ಅನ್ನುವ ಟೀಕೆ ಇದೆ, ಸರಿಯಾದ ಟೀಕೆಯೇ. ಆದರೂ ಆಟಕ್ಕೆ ಸೇರಿಸಿಕೊಳ್ಳದ ಚಿಕ್ಕವನು ಹೇಗೆ ನಿಲ್ಲುತ್ತಾನೆ ಅನ್ನುವುದು ಮುರಿಲ್ಯೊಗೆ ಗೊತ್ತಿತ್ತು.

ಸ್ಪೇನಿನ ಇನ್ನೊಬ್ಬ ಚಿತ್ರಕಾರ ಗೋಯಾನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಕೆಂಪು ಬಟ್ಟೆಯ ಮೂರ್ನಾಲ್ಕು ವರ್ಷದ ಹುಡುಗನ ಚಿತ್ರ ಇದೆ, ಹೆಸರು ಮಾನುಯೆಲ್ ಒಸೋರಿಯೊ, ಶ್ರೀಮಂತ ಮನೆತನದವನು. ಅವನ ಕೈಯಲ್ಲಿ ಒಂದು ದಾರ. ದಾರದ ಇನ್ನೊಂದು ತುದಿ ಒಂದು ಹಕ್ಕಿಯ ಕಾಲಿಗೆ ಕಟ್ಟಿದೆ. ಹಿಂದೆ ಕತ್ತಲಲ್ಲಿ ಮೂರು ಬೆಕ್ಕು, ಹಕ್ಕಿಯ ಮೇಲೇ ಕಣ್ಣಿಟ್ಟು ಕೂತಿವೆ. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸಿದವರು ನಮ್ಮಲ್ಲೂ ಇದ್ದಾರೆ, ಕೈ ಎತ್ತುವುದು ಬೇಡ. ಮಕ್ಕಳ ಆಟದಲ್ಲಿ ಇಂಥ ಕ್ರೌರ್ಯವೂ ಇದೆ ಅನ್ನುವುದನ್ನು ಮುದ್ದಿನ ಚಿತ್ರಗಳು ಮುಚ್ಚಿಡುತ್ತವೆ. ಗೋಯಾ ಮುಚ್ಚಿಡಲಿಲ್ಲ. ಆ ಹುಡುಗ 1792ರಲ್ಲಿ, ಎಂಟರ ವಯಸ್ಸಿಗೆ ತೀರಿಕೊಂಡ.

ಅಮೆರಿಕದ ವಿನ್ಸ್ಲೊ ಹೋಮರ್‌ನ 1872ರ ಚಿತ್ರದಲ್ಲಿ ಹಳ್ಳಿ ಶಾ‌ಲೆಯ ಹುಡುಗರು ಬರಿಗಾಲಲ್ಲಿ ಕೈಕೈ ಹಿಡಿದು ಓಡುತ್ತಿದ್ದಾರೆ. ಒಂದು ತುದಿಯವರು ಗಕ್ಕನೆ ಕಾಲೂರಿ ನಿಲ್ಲುತ್ತಾರೆ, ಇನ್ನೊಂದು ತುದಿಯವರು ಚಾಟಿಯ ತುದಿಯ ಹಾಗೆ ಕಿತ್ತು ಬೀಳುತ್ತಾರೆ. ಅಂತರ್ಯುದ್ಧ ಮುಗಿದು ಏಳು ವರ್ಷ, ಹಳ್ಳಿಗಳು ಖಾಲಿಯಾಗುತ್ತಿದ್ದವು. ಹಳೆಯ ಕಾಲದ ಹಂಬಲ ಚಿತ್ರದ ತುಂಬ ಇದೆ. ಆದರೆ ಊರಿ ನಿಂತವನ ತೊಡೆ, ಬೀಳುವವನ ಕೈ ನೋಡಿ. ಆಟ ಪಕ್ಕಾ.

ಕ್ಯಾಮರಾ ಬಂದ ಮೇಲೆ ಕೆಲಸ ಸುಲಭ ಆಯಿತು ಅಂದುಕೊಳ್ಳಬೇಡಿ. ಕ್ಯಾಮರಾ ಕಂಡ ಕೂಡಲೇ ಮಕ್ಕಳು ಆಟ ಬಿಟ್ಟು ಪೋಸು ಕೊಡುತ್ತಾರಲ್ಲ! ನ್ಯೂಯಾರ್ಕಿನ ಹೆಲೆನ್ ಲೆವಿಟ್ 1930ರ ದಶಕದ ಕೊನೆಗೆ ಬಡವರ ಬೀದಿಗಳಲ್ಲಿ ಫೋಟೊ ತೆಗೆಯುವಾಗ ಒಂದು ಉಪಾಯ ಮಾಡುತ್ತಿದ್ದರು. ಲೆನ್ಸ್ ಒಂದು ಕಡೆ, ತಾವು ನೋಡುವುದು ಇನ್ನೊಂದು ಕಡೆ ಇರುವ ಹಾಗೆ ಅಡ್ಡ ಕನ್ನಡಿಯ ವ್ಯೂಫೈಂಡರ್ ಹಾಕಿಕೊಂಡಿದ್ದರು. ಮಕ್ಕಳು ಮುಖವಾಡ ಹಾಕಿದ್ದು, ಮೆಟ್ಟಿಲ ಮೇಲೆ ಹತ್ತಿದ್ದು, ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದು ಎಲ್ಲ ಹಾಗೇ ಸಿಕ್ಕವು. 1943ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಆ ಫೋಟೊಗಳ ಪ್ರದರ್ಶನ ಮಾಡಿತು.

ಕೊನೆಯ ಸ್ಲೈಡ್ ಇವತ್ತಿನದು. ಫ್ರಾನ್ಸಿಸ್ ಆಲಿಸ್. ಬ್ರೂಗಲ್ ಕೆಲಸ ಮಾಡಿದ ನಾಡಿನಲ್ಲೇ, ಬೆಲ್ಜಿಯಂನಲ್ಲಿ ಹುಟ್ಟಿ ಮೆಕ್ಸಿಕೊ ನಗರದಲ್ಲಿ ನೆಲೆಸಿದವರು. 1999ರಿಂದ ಊರೂರು ತಿರುಗಿ ಮಕ್ಕಳ ಆಟಗಳ ಪುಟ್ಟ ಪುಟ್ಟ ವಿಡಿಯೊ ಮಾಡುತ್ತಿದ್ದಾರೆ. 2022ರ ವೆನಿಸ್ ಬಿಯೆನ್ನಾಲೆ ಅನ್ನುವ ದೊಡ್ಡ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಬೆಲ್ಜಿಯಂ ಪರವಾಗಿ ಇವನ್ನೇ ತೋರಿಸಿದರು. ಇವರಿಗೆ ಮಕ್ಕಳ ನಗುಮುಖಕ್ಕಿಂತ ಆಟ ಹೇಗೆ ನಡೆಯುತ್ತದೆ ಅನ್ನುವುದೇ ಮುಖ್ಯ. ಕಠ್ಮಂಡುವಿನಲ್ಲಿ ತೆಗೆದ ಒಂದರಲ್ಲಿ ಬರೀ ಕೈಗಳ ಚಳಕ. ಕಲ್ಲು ಹಾರುತ್ತದೆ, ಕೈ ಬಾಚುತ್ತದೆ. ಬ್ರೂಗಲ್‌ನ ಎಡಮೂಲೆಯ ಅದೇ ಆಟ.

ಇನ್ನೊಂದು ಇರಾಕಿನ ಮೋಸುಲ್‌ನದು, 2017. ಐಸಿಸ್ ಆಳ್ವಿಕೆಯಲ್ಲಿ ಅಲ್ಲಿ ಫುಟ್‌ಬಾಲ್ ನಿಷೇಧವಾಗಿತ್ತು. ವಿಡಿಯೊದಲ್ಲಿ ಹುಡುಗರು ಬಾಂಬು ಬಿದ್ದ ಬೀದಿಯಲ್ಲಿ ಫುಟ್‌ಬಾಲ್ ಆಡುತ್ತಿದ್ದಾರೆ. ಚೆಂಡು ಇಲ್ಲ. ಪಾಸ್ ಕೊಡುತ್ತಾರೆ, ತಲೆ ಕೊಟ್ಟು ಹೊಡೆಯುತ್ತಾರೆ, ಗೋಲ್‌ಕೀಪರ್ ಹಾರಿ ಬೀಳುತ್ತಾನೆ. ಎಲ್ಲರ ಕಣ್ಣೂ ಇಲ್ಲದ ಚೆಂಡಿನ ಹಿಂದೆ ಒಟ್ಟಿಗೆ ಹೊರಳುತ್ತದೆ. ನೋಡುತ್ತಾ ನೋಡುತ್ತಾ ನಮಗೂ ಚೆಂಡು ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದೆ.

ಉಪನ್ಯಾಸ ಇಲ್ಲಿಗೆ ಮುಗಿಯಿತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಹಳೆಯ ಚಿತ್ರಗಳಲ್ಲಿ ಮಕ್ಕಳು ದೊಡ್ಡವರ ಹಾಗೇ ಇರುತ್ತಾರೆ, ಆಗ ಬಾಲ್ಯ ಅನ್ನುವ ಕಲ್ಪನೆಯೇ ಇರಲಿಲ್ಲವಂತೆ, ನಿಜವಾ ಅಂತ ಒಬ್ಬ ವಿದ್ಯಾರ್ಥಿ ಕೇಳಿದರು. ಫ್ರಾನ್ಸಿನ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಹೀಗೆ ವಾದಿಸಿದರು, ಮುಖ್ಯವಾಗಿ ಚಿತ್ರಗಳನ್ನೇ ಆಧಾರ ಮಾಡಿಕೊಂಡು. ಆಮೇಲೆ ಬಂದವರು ಅದನ್ನು ಬಲವಾಗಿ ಪ್ರಶ್ನಿಸಿದ್ದಾರೆ. ಎದೆಯ ಮೇಲೆ ತಾಯತ ಕಟ್ಟಿದ ಆ ಗ್ರೀಕ್ ಮಗುವನ್ನು ನೋಡಿದವರು ಬಾಲ್ಯದ ಕಲ್ಪನೆ ಇರಲಿಲ್ಲ ಅನ್ನುವುದು ಕಷ್ಟ.

ಹುಡುಗಿಯರು ಎಲ್ಲಿ ಅಂತ ಇನ್ನೊಬ್ಬರು. ಒಳ್ಳೆಯ ಪ್ರಶ್ನೆ. ಬ್ರೂಗಲ್‌ನಲ್ಲಿ ಇದ್ದಾರೆ, ಕಡಿಮೆ. ಹೋಮರ್ ಹುಡುಗಿಯರನ್ನು ದೂರ ಹಿಂದಕ್ಕೆ ನಿಲ್ಲಿಸಿದ್ದಾನೆ. ಶಾರ್ಡಿನ್‌ನ 1737ರ ಒಂದು ಚಿತ್ರ ಹುಡುಕಿ ನೋಡಿ. ಹುಡುಗಿಯ ಕೈಯಲ್ಲಿ ಬ್ಯಾಡ್ಮಿಂಟನ್‌ನಂಥ ಆಟದ ರಾಕೆಟ್ಟು, ಗರಿಗಳ ಕಾಕು. ಆದರೆ ಆಡುತ್ತಿಲ್ಲ, ನೆಟ್ಟಗೆ ನಿಂತಿದ್ದಾಳೆ. ಸೊಂಟದಿಂದ ಕತ್ತರಿ ಮತ್ತು ಪಿನ್ನು ಚುಚ್ಚುವ ದಿಂಬು ಜೋತಾಡುತ್ತಿವೆ. ಆಟಕ್ಕೆ ಬಂದಾಗಲೂ ಹೊಲಿಗೆ ಕೆಲಸವನ್ನು ಸೊಂಟಕ್ಕೆ ಕಟ್ಟಿಯೇ ಕಳಿಸಿದ್ದಾರೆ. ಬುಗುರಿಯ ಹುಡುಗ ಪುಸ್ತಕ ಪಕ್ಕಕ್ಕೆ ಸರಿಸಿದ ಹಾಗೆ ಇವಳಿಗೆ ಸರಿಸಲು ಆಗುವುದಿಲ್ಲ.

ಬ್ರೂಗಲ್‌ನ ಚಿತ್ರ ಹತ್ತಿರದಿಂದ ನೋಡೋಕೆ ವಿಯೆನ್ನಾಕ್ಕೇ ಹೋಗಬೇಕಾ ಅಂತ ಮೂರನೆಯವರು ಕೇಳಿದರು. ಬೇಡ. ದೊಡ್ಡ ಅಳತೆಯ ಪ್ರತಿ ಇಂಟರ್‌ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ಫೋನಿನಲ್ಲಿ ನೋಡಬೇಡಿ, ಕಂಪ್ಯೂಟರಿನಲ್ಲಿ ತೆರೆದು ಒಂದೊಂದೇ ಮೂಲೆ ಹಿಗ್ಗಿಸಿ. ಪಕ್ಕದಲ್ಲಿ ಅಜ್ಜಿಯನ್ನೋ ಅಮ್ಮನನ್ನೋ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ನಿಮ್ಮೂರಿನ ಆಟ ಯಾವುದಾದರೂ ಅಲ್ಲಿ ಸಿಕ್ಕರೆ, ನಿಮ್ಮ ಕಡೆ ಅದನ್ನು ಹೇಗೆ ಆಡುತ್ತಿದ್ದರು ಅಂತ ನನಗೊಂದು ಸಾಲು ಬರೆದು ಕಳಿಸಿ.